ಅಕ್ಕಿ ಡಬ್ಬಿಯ ಹಿಂದಿನ ಸಾಲಿ

ಹೊಸ ಭಾಷೆ ಕಲಿಯಲು ಹತ್ತು ದಾರಿ ಇವೆ ಅಂತ ಯೂಟ್ಯೂಬಿನ ಮೇಷ್ಟ್ರುಗಳು ಹೇಳುತ್ತಾರೆ. ಹಾಡು ಕೇಳಿ, ಪುಸ್ತಕ ಓದಿ, ಕನ್ನಡಿ ಮುಂದೆ ನಿಂತು ಮಾತಾಡಿ, ಆ ಭಾಷೆಯವರ ಗೆಳೆತನ ಮಾಡಿ. ಕದ್ದು ಕೇಳಿ ಅಂತ ಮಾತ್ರ ಯಾವನೂ ಹೇಳುವುದಿಲ್ಲ. ಊರಿಗೊಂದು ದಾರಿಯಾದರೆ ಯಡವಟ್ಟನಿಗೊಂದು ದಾರಿ. ಗಂಗಾವತಿಯ ದಾನೇಶ್ವರಿ ಹಾಂಗ್‌ಕಾಂಗ್ ಮಂದಿಯ ಕ್ಯಾಂಟೊನೀಸ್ ಭಾಷೆಯನ್ನು ಕಲಿತದ್ದು ಕದ್ದು ಕೇಳಿಯೇ.

ಅವಳೇನೂ ನೆಟ್ಟಗಿನ ದಾರಿ ಹಿಡಿಯಲಿಲ್ಲ ಅಂತಲ್ಲ. ಅಕ್ಕ ಸುನಿತಾ ಹಾಂಗ್‌ಕಾಂಗಿನಲ್ಲಿ ಒಬ್ಬ ಮುದುಕಿಯನ್ನು ನೋಡಿಕೊಳ್ಳುವ ಕೆಲಸಕ್ಕೆ ಹೋಗಿ ವರ್ಷವಾಗುತ್ತ ಬಂದಿತ್ತು. ಆ ಕೆಲಸ ಹಚ್ಚಿಕೊಟ್ಟವಳು ತೆಲುಗರ ಕ್ಯಾಂಪಿನ ಅನ್ನಮ್ಮ, ಹಿಂದೆ ತಾನೂ ಅಲ್ಲೇ ದುಡಿದು ಬಂದವಳು. "ಅವರ ಭಾಷಾ ನಾಕು ಅಕ್ಷರ ಕಲೀಲಿ, ತಂಗೀನೂ ಕಳಸೋಣು" ಅಂತ ಆಕೆ ಅಂದದ್ದೇ ತಡ, ಬ್ಲೌಸ್ ಹೊಲಿಯುತ್ತ ಕೂತಿದ್ದ ದಾನೇಶ್ವರಿ ಫೋನಿನಲ್ಲಿ ಪಾಠ ಹುಡುಕಿದಳು. ಪಾಠದ ಮೇಷ್ಟ್ರು ಕೈ ಮೇಲೆ ಕೆಳಗೆ ಮಾಡುತ್ತ, ಒಂದೇ ಸದ್ದನ್ನು ಆರು ಏರಿಳಿತದಲ್ಲಿ ಹೇಳಿದರೆ ಆರು ಬೇರೆ ಮಾತಾಗುತ್ತದೆ ಅಂದ. ಇವಳ ಕಿವಿಗೆ ಆರೂ ಒಂದೇ. ಅವನು ಹೇಳಿಕೊಟ್ಟದ್ದಾದರೂ ಏನು? ನಮಸ್ಕಾರ, ದಯವಿಟ್ಟು, ವಿಮಾನ ನಿಲ್ದಾಣಕ್ಕೆ ಯಾವ ದಾರಿ. ಮನೆಗೆಲಸಕ್ಕೆ ಹೋಗುವವಳಿಗೆ ವಿಮಾನ ನಿಲ್ದಾಣದ ದಾರಿ ಕಟ್ಟಿಕೊಂಡು ಆಗಬೇಕಾದ್ದೇನು? ಕೆಲವು ಪಾಠ ಕೇಳಿ ಅಲ್ಲಿಗೇ ಕೈಬಿಟ್ಟಳು.

ಖರೆ ಸಾಲಿ ಶುರುವಾದದ್ದು ಆಮೇಲೆ. ಸುನಿತಾ ಇದ್ದ ಮನೆಯಲ್ಲಿ ಕೆಲಸದ ಹೊತ್ತಿಗೆ ಫೋನು ಮುಟ್ಟುವಂತಿಲ್ಲ, ಸಿಕ್ಕಿಬಿದ್ದರೆ ಕೆಲಸ ಹೋಯಿತೆಂದೇ ತಿಳಿ ಅಂತ ಮುದುಕಿಯ ಮಗ ಮೊದಲ ದಿನವೇ ಹೇಳಿದ್ದ. ಒಂಟಿತನ ತಡೆಯಲಾರದೆ ಸುನಿತಾ ಒಂದು ಉಪಾಯ ಹೂಡಿದಳು. ಬೆಳಗ್ಗೆ ಮನೆಗೆ ಫೋನು ಹಚ್ಚಿ, ಅದನ್ನು ಹಾಗೆಯೇ ಅಡುಗೆಮನೆಯ ಹಲಗೆಯ ಮೇಲೆ ಅಕ್ಕಿ ಡಬ್ಬಿಯ ಹಿಂದೆ ಇಟ್ಟುಬಿಡುವುದು. ಆ ಹಲಗೆಯ ಮೇಲೇ ಗೋಡೆಗೆ ಮುದುಕಿಯ ಸತ್ತ ಅತ್ತೆಯ ಫೋಟೋ, ಅದರ ಮುಂದೆ ಹಗಲಿರುಳು ಉರಿಯುವ ಕೆಂಪು ದೀಪ. ಆ ಕಡೆ ಬೇರೆ ಯಾರೂ ಕೈ ಹಾಕುತ್ತಿರಲಿಲ್ಲ.

"ನೀವು ಮೈಕ್ ಬಂದ್ ಮಾಡ್ಕೊಂಡು ಸುಮ್ನ ಕೇಳ್ರಿ. ಉಸರು ಸುದ್ದಾ ಈ ಕಡಿ ಬರಬಾರದು" ಅಂದಿದ್ದಳು ಸುನಿತಾ. "ನೀವು ಅದೀರಿ ಅಂತ ಗೊತ್ತಿದ್ರ ಸಾಕು ನನಗ." ಅಜ್ಜಿ ಮಧ್ಯಾಹ್ನ ಕಣ್ಣು ಮುಚ್ಚಿದಾಗ ಎರಡು ಮಾತಾಡಬಹುದು ಅಂತ ಸ್ಪೀಕರ್ ಮಾತ್ರ ಹಚ್ಚಿಯೇ ಇಡುತ್ತಿದ್ದಳು.

ಹೀಗೆ ಗಂಗಾವತಿಯ ಪಡಸಾಲೆಯಲ್ಲಿ ದಿನವೂ ಹಾಂಗ್‌ಕಾಂಗಿನ ಅಡುಗೆಮನೆ ತೆರೆದುಕೊಳ್ಳುತ್ತಿತ್ತು. ಅವ್ವ ಹುಲಗೆಮ್ಮ ಎಮ್ಮೆ ಹಿಂಡಿ, ಹಾಲು ಹಾಕಿ ಬಂದು ರೊಟ್ಟಿಗೆ ಕೂರುವಳು. ದಾನೇಶ್ವರಿ ಹೊಲಿಗೆ ಮಷಿನ್ ತುಳಿಯುವಳು. ಫೋನಿನೊಳಗಿಂದ ಮುದುಕಿಯ ಬಾಯಿ. ದೇವರು ಆಕೆಗೆ ಕಾಲಿನ ಬಲ ಕಿತ್ತುಕೊಂಡು ನಾಲಿಗೆಗೆ ಕೊಟ್ಟಿದ್ದ. ವಾಕರ್ ಕಟಕಟ ಬಡಿಯುತ್ತ ಬಂದು ಬೈಯುವಳು, ಬೈದು ಹೋಗುವಳು, ಮರೆತದ್ದೇನೋ ನೆನಪಾಗಿ ಮತ್ತೆ ಬಂದು ಬೈಯುವಳು. ನಲ್ಲಿ ಜೋರಾಗಿ ಬಿಟ್ಟರೆ ಒಂದು, ಪಾತ್ರೆ ಬಿದ್ದರೆ ಒಂದು, ಕರೆದ ಕೂಡಲೇ ಓಗೊಡದಿದ್ದರೆ ಇನ್ನೊಂದು. ಮೇಷ್ಟ್ರು ಕೈಯಾಡಿಸಿ ಕಲಿಸಲಾಗದ ಏರಿಳಿತ ಮುದುಕಿಯ ಬೈಗುಳದಲ್ಲಿ ತಾನಾಗಿಯೇ ಕಿವಿಗಿಳಿಯಿತು. ಬೈಯುವಾಗ ಯಾರೂ ರಾಗ ತಪ್ಪುವುದಿಲ್ಲ ನೋಡಿ. ದಾನೇಶ್ವರಿ ಮಷಿನ್ ತುಳಿತಕ್ಕೆ ತಕ್ಕಂತೆ ಆ ಮಾತುಗಳನ್ನು ಬಾಯೊಳಗೇ ಗುನುಗುವಳು. 'ಫಾಯ್ ದೀ', ಬೇಗ. 'ಗ್ವೊ ಲೈ', ಬಾ ಇಲ್ಲಿ. 'ಹೊಯ್ ಮೂನ್', ಬಾಗಿಲು ತೆಗಿ. 'ನೇ ಲುಂಗ್ ಗಾ', ಕಿವುಡಿಯೇನು ನೀನು. ಮತ್ತೆ ದಿನಕ್ಕೆ ಎಷ್ಟು ಸಲವೋ ಲೆಕ್ಕವಿಲ್ಲದ 'ಸೇ ಜೋ ಆ', ಸತ್ತೆಯೇನು?

ಈ ಅರ್ಥಗಳನ್ನೆಲ್ಲ ಅವಳು ಫೋನಿನ ನಿಘಂಟಿನಲ್ಲಿ ಹುಡುಕಿ ತಿಳಿದದ್ದು. ಅಕ್ಕ ಹೇಳಿದ್ದ ಅರ್ಥವೇ ಬೇರೆ. ರಾತ್ರಿ ಮಾತಿಗೆ ಸಿಕ್ಕಾಗ ಅವ್ವ, "ಅಕಿ 'ಸೇ ಜೋ ಆ' ಅಂತಿರ್ತಾಳಲ್ಲ, ಹಂಗಂದ್ರೇನ ಬೇ?" ಅಂತ ಕೇಳಿದರೆ ಸುನಿತಾ ಒಂದು ಗಳಿಗೆಯೂ ತಡೆಯದೆ, "ಸುಸ್ತಾತೇನು ಅಂತ ಕೇಳ್ತಾಳವ್ವ. ಭಾಳ ಜೀವ ಆಕೀಗೆ ನನ್ನ ಮ್ಯಾಲೆ" ಅನ್ನುತ್ತಿದ್ದಳು. ದಾನೇಶ್ವರಿ ತುಟಿ ಹೊಲಿದುಕೊಂಡಳು. ಅವ್ವನಿಗೆ ಖರೆ ಹೇಳಿ ಮಾಡುವುದೇನು? ಹುಲಗೆಮ್ಮನೋ, ಮೇಲೇಳದೆ ಮೊಂಡು ಹಿಡಿದ ಎಮ್ಮೆಗೆ "ಸೇ ಜೋ ಆ?" ಅಂತ ಕೇಳುವುದನ್ನೂ ರೂಢಿ ಮಾಡಿಕೊಂಡಿದ್ದಳು. ಅದನ್ನು ಕೇಳಿದಾಗಲೆಲ್ಲ ದಾನೇಶ್ವರಿ ಮಷಿನ್ ಇನ್ನಷ್ಟು ಜೋರಾಗಿ ತುಳಿಯುವಳು.

ಆ ದಿನ ಬೆಳಗ್ಗೆ ಫೋನು ಬಂದಾಗ ಅಕ್ಕನ ದನಿ ಬಿದ್ದುಹೋಗಿತ್ತು. ನಾಕು ದಿನದಿಂದ ಜ್ವರ, ಹೇಳಿಕೊಂಡಿಲ್ಲ. "ಈಗ ಬಾತ್‌ರೂಮ್ ತಿಕ್ಕಬೇಕು, ಆಮ್ಯಾಲೆ ಗುಳಿಗಿ ತಗೋತೀನಿ" ಅಂದು ಫೋನನ್ನು ಡಬ್ಬಿಯ ಹಿಂದಿಟ್ಟು ಹೋದಳು. ಬಕೆಟ್ಟಿನ ಸದ್ದು, ಬ್ರಷ್ಷಿನ ಸದ್ದು, ನೀರು. ದಾನೇಶ್ವರಿ ಒಂದು ತೋಳಿಗೆ ಹೊಲಿಗೆ ಹಾಕಿ ಮುಗಿಸಿ ದಾರ ಕತ್ತರಿಸುತ್ತಿದ್ದಳು.

ಧಡ್ ಅಂತ ಸದ್ದಾಯಿತು. ಪಾತ್ರೆ ಬಿದ್ದ ಸದ್ದಲ್ಲ. ಹುಲಗೆಮ್ಮ ರೊಟ್ಟಿ ಬಡಿಯುವ ಕೈ ನಿಲ್ಲಿಸಿದಳು.

ಬ್ರಷ್ಷಿನ ಸದ್ದು ನಿಂತಿತ್ತು. ನೀರು ಮಾತ್ರ ಹಾಗೇ ಹರಿಯುತ್ತಿತ್ತು.

"ಬಕೀಟ ಬಿತ್ತೇನು?" ಅಂದಳು ಹುಲಗೆಮ್ಮ. ದಾನೇಶ್ವರಿ ಕತ್ತರಿ ಕೆಳಗಿಟ್ಟಳು. ಆ ಕಡೆ ಮುದುಕಿ ಕೂಗಿದಳು, ನೀರು ಯಾಕೆ ಹರಿಯುತ್ತಿದೆ ಅಂತಲೋ ಏನೋ. ಉತ್ತರ ಬರಲಿಲ್ಲ. ಮತ್ತೆ ಕೂಗಿದಳು. ಉತ್ತರವಿಲ್ಲ. ಆಮೇಲೆ ದಿನವೂ ಬರುವ ಹಾಗೆಯೇ ಅದೇ ಸಿಟ್ಟಿನಲ್ಲಿ, ಅದೇ ರಾಗದಲ್ಲಿ ಬಂತು.

"ಸೇ ಜೋ ಆ?"

ಸತ್ತೆಯೇನು? ದಿನಾ ಈ ಮಾತಿಗೆ "ಬಂದೆ, ಬಂದೆ" ಅನ್ನುವ ಅಕ್ಕನ ದನಿಗಾಗಿ ದಾನೇಶ್ವರಿ ಕಿವಿಯೆಲ್ಲ ಫೋನಿಗೆ ಹಚ್ಚಿದಳು. ನೀರಿನ ಸದ್ದು ಬಿಟ್ಟರೆ ಏನೂ ಇಲ್ಲ.

"ಅಕ್ಕ ಬಿದ್ದಾಳವ್ವ."

ಹುಲಗೆಮ್ಮ ಹಿಟ್ಟಿನ ಕೈಯಲ್ಲೇ ಎದ್ದು ಬಂದು ತನ್ನ ಸಣ್ಣ ಫೋನಿನಿಂದ ಅನ್ನಮ್ಮನಿಗೆ ಹಚ್ಚಿದಳು. ರಿಂಗಾಗುತ್ತಿತ್ತು, ಎತ್ತುವವರಿಲ್ಲ. ಮತ್ತೆ ಹಚ್ಚಿದಳು. ಮುದುಕಿಯ ಮಗನ ನಂಬರು ಇವರ ಹತ್ತಿರ ಇರಲಿಲ್ಲ. ಹಾಂಗ್‌ಕಾಂಗಿನ ಆಂಬುಲೆನ್ಸಿಗೆ ಗಂಗಾವತಿಯಿಂದ ಹೇಗೆ ಹಚ್ಚುವುದೋ ಇಬ್ಬರಿಗೂ ತಿಳಿಯದು. ಆ ಮನೆಗೂ ಇವರಿಗೂ ಇದ್ದ ದಾರಿ ಡಬ್ಬಿಯ ಹಿಂದಿನ ಆ ಫೋನೊಂದೇ. ಅದನ್ನು ಕತ್ತರಿಸಿದರೆ ಮತ್ತೆ ಎತ್ತುವವರಿಲ್ಲ.

ವಾಕರ್ ಕಟಕಟ ಬಾತ್‌ರೂಮಿನ ಕಡೆ ಹೋಯಿತು. ನಿಂತಿತು. ಆಮೇಲೆ ಮುದುಕಿ ಕಿರುಚಿದ ಕಿರುಚು ಇವತ್ತಿಗೂ ದಾನೇಶ್ವರಿಯ ಕಿವಿಯಲ್ಲಿದೆ. ಕಿರುಚಿ, ಏನೇನೋ ಬಡಬಡಿಸಿ, ಕಟಕಟ ಅಡುಗೆಮನೆಗೆ ಬಂದು ನಿಂತಳು. ಏದುಸಿರು ಕೇಳುತ್ತಿತ್ತು. ಆಕೆ ಯಾರನ್ನೂ ಕರೆಯುತ್ತಿಲ್ಲ, ಯಾರಿಗೂ ಫೋನು ಮಾಡುತ್ತಿಲ್ಲ. ಸುಮ್ಮನೆ ನಿಂತಿದ್ದಾಳೆ.

"ಮಾತಾಡು" ಅಂದಳು ಹುಲಗೆಮ್ಮ.

"ಫೋನ್ ಐತಿ ಅಂತ ಗೊತ್ತಾತಂದ್ರ ಅಕ್ಕನ ಕೆಲಸ..."

"ಕೆಲಸಕ್ಕ ಬೆಂಕಿ ಹಚ್ಚು! ಮಾತಾಡು!"

ದಾನೇಶ್ವರಿ ಮೈಕ್ ಒತ್ತಿದಳು. ಮೊದಲು ಮೇಷ್ಟ್ರು ಕಲಿಸಿದ್ದ ಮರ್ಯಾದೆಯ ಮಾತು ನೆನಪಾಯಿತು. ಮೆತ್ತಗೆ, "ನೇ ಹೋ, ಪೋ ಪೋ. ಮ್ ಗೋಯ್..." ಅಂದಳು. ನಮಸ್ಕಾರ ಅಜ್ಜಿ, ದಯವಿಟ್ಟು.

ಮುದುಕಿ ಬೆಚ್ಚಿ ಬಿದ್ದಳು. "ಬಿನ್ ಗೋ?" ಯಾರದು? ಬಾಗಿಲ ಗಂಟೆ ಬಾರಿಸಿದಾಗಲೆಲ್ಲ ಆಕೆ ಕೂಗುವ ಮಾತು. ಆದರೆ ಇವತ್ತು ಆ ದನಿಯಲ್ಲಿ ಸಿಟ್ಟಿಲ್ಲ, ಎಳೆಮಕ್ಕಳ ಅಂಜಿಕೆ ಇತ್ತು. ಅಲ್ಲ, ಮನೆಯಲ್ಲಿ ಒಬ್ಬಳು ಉರುಳಿ ಬಿದ್ದಿದ್ದಾಳೆ, ಗೋಡೆಯಿಂದ ಇನ್ನೊಬ್ಬಳು ಮಾತಾಡುತ್ತಿದ್ದಾಳೆ, ಯಾರಿಗಾದರೂ ಎದೆ ಒಡೆಯದೆ ಇದ್ದೀತೆ? ದಾನೇಶ್ವರಿ ಮತ್ತೆ "ಮ್ ಗೋಯ್, ಮ್ ಗೋಯ್" ಅಂದಳು. ಮುದುಕಿ ಹಿಂದೆ ಹಿಂದೆ ಸರಿದದ್ದು ವಾಕರಿನ ಸದ್ದಿನಲ್ಲಿ ತಿಳಿಯಿತು. ಇನ್ನೆರಡು ಹೆಜ್ಜೆ ಹೋಗಿ ತನ್ನ ಕೋಣೆ ಸೇರಿ ಬಾಗಿಲು ಹಾಕಿಕೊಂಡರೆ ಅಕ್ಕನ ಕಥೆ ಮುಗಿದಂತೆ.

"ಹೊಂಟ್ಲವ್ವ, ಹೆದರಿ ಹೊಂಟ್ಲು. ಏನ ಹೇಳಲಿ? ನನಗ ಬರೂದೆಲ್ಲ..." ದಾನೇಶ್ವರಿ ಅಳುವುದೊಂದು ಬಾಕಿ. "ನನಗ ಬರೂದೆಲ್ಲಾ ಬೈಗುಳ."

"ಬೈ, ಮತ್ತ!" ಹುಲಗೆಮ್ಮ ಮಗಳ ಭುಜ ಹಿಡಿದು ಅಲುಗಿಸಿದಳು. "ಅಕಿ ನನ್ನ ಮಗಳಿಗೆ ಹೆಂಗ ಬೈತಿದ್ಲು ಹಂಗ ಬೈ!"

ದಾನೇಶ್ವರಿ ಅವ್ವನ ಮುಖ ನೋಡಿದಳು.

"ಏನ ನೋಡ್ತಿ? ಸುಸ್ತಾತೇನು ಅಂತ ಕೇಳೋ ದನಿ ಹಂಗಿರ್ತೈತೇನ? ಮೊದಲ್ನೇ ದಿನಾನ ತಿಳದೈತಿ ನನಗ. ಅಕಿ ಖರೆ ಹೇಳ್ಲಿಲ್ಲ, ನಾ ಕೆದಕಿ ಕೇಳ್ಲಿಲ್ಲ. ಬೈ ಈಗ!"

ಎಮ್ಮೆಗೆ ಅವ್ವ ಅಂದದ್ದು ತಿಳಿದೇ ಅಂದದ್ದು! ಅದನ್ನು ನೆನೆದು ಮರುಗಲು ಆಗ ಹೊತ್ತಿರಲಿಲ್ಲ. ದಾನೇಶ್ವರಿ ಕಣ್ಣು ಮುಚ್ಚಿ, ಮುದುಕಿಯ ದನಿಯನ್ನೇ ತನ್ನ ಗಂಟಲಿಗೆ ತಂದುಕೊಂಡು ಗದರಿಸಿದಳು.

"ಗ್ವೊ ಲೈ!"

ವಾಕರ್ ನಿಂತಿತು.

"ನೇ ಲುಂಗ್ ಗಾ? ಗ್ವೊ ಲೈ! ಫಾಯ್ ದೀ!" ಕಿವುಡಿಯೇನು ನೀನು, ಬಾ ಇಲ್ಲಿ, ಬೇಗ.

ಆಮೇಲೆ ದಾನೇಶ್ವರಿ ಎಂದೂ ಕೇಳಿರದ ಒಂದು ದನಿ ಬಂತು. ಸಣ್ಣದು, ಬಾಗಿದ್ದು, ಅರ್ಧ ನುಂಗಿದ್ದು. ಮುದುಕಿಯದೇ ಅಂತ ನಂಬಲು ಹೊತ್ತು ಹಿಡಿಯಿತು.

"ಹೈ, ನಾಯ್ ನಾಯ್. ಹೈ, ಹೈ."

ಮೇಷ್ಟ್ರ ಪಾಠಗಳಲ್ಲಿ ದಾನೇಶ್ವರಿಗೆ ಹಿಡಿಸಿದ್ದು ನೆಂಟಸ್ತನದ ಪಾಠ ಒಂದೇ. ನಮ್ಮಲ್ಲಿಯ ಹಾಗೆ ಅವರಲ್ಲೂ ಒಂದೊಂದು ಸಂಬಂಧಕ್ಕೆ ಒಂದೊಂದು ಹೆಸರು. ಗಂಡನ ತಾಯಿಗೆ ಸೊಸೆ ಕರೆಯುವುದು 'ನಾಯ್ ನಾಯ್' ಅಂತ. ಮುದುಕಿ ಗೋಡೆಯ ಮೇಲಿನ ಸತ್ತ ಅತ್ತೆಯ ಫೋಟೋಕ್ಕೆ ಓಗೊಡುತ್ತಿದ್ದಳು. ಹೂಂ ಅತ್ತಿ. ಬಂದೆ ಅತ್ತಿ.

ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತಾರೆ. ಈ ಮುದುಕಿಗೆ ಸೊಸೆಯ ಕಾಲ ಮುಗಿದು ಎಷ್ಟು ವರ್ಷವಾಗಿತ್ತೋ, ಒಂದು ಗದರಿಕೆಗೆ ಎಲ್ಲ ಮರಳಿ ಬಂತು. ಅಕ್ಕನ ಮೇಲೆ ಕಾರಿದ ಒಂದೊಂದು ಮಾತನ್ನೂ ಇದೇ ಅಡುಗೆಮನೆಯಲ್ಲಿ ಇಲ್ಲವೇ ಇಂಥದ್ದೇ ಇನ್ನೊಂದರಲ್ಲಿ ತಾನೂ ತಿಂದವಳು. ದಾನೇಶ್ವರಿಗೆ ಪಾಪ ಅನ್ನಿಸಿತು. ಆದರೆ ಪಾಪ ಅಂದುಕೊಂಡು ಕೂತರೆ ಅಲ್ಲಿ ಅಕ್ಕ ಉಳಿಯಬೇಕಲ್ಲ.

"ಹೊಯ್ ಮೂನ್!" ಬಾಗಿಲು ತೆಗಿ.

ಮುದುಕಿ ಗೊಣಗಿದಳು. ಬಾಗಿಲು ತೆಗೆಯುವುದೆಂದರೆ ಸಣ್ಣ ಮಾತಲ್ಲ. ಒಳಗಿನ ಕದ, ಹೊರಗಿನ ಕಬ್ಬಿಣದ ಗೇಟು, ಅದರಾಚೆ ಎದುರುಮನೆಯ ಚಾನ್ ತಾಯ್, ಅಂದರೆ ಚಾನ್ ಮನೆಯ ಯಜಮಾನಿ. ಆಕೆಗೂ ಮುದುಕಿಗೂ ಊದುಬತ್ತಿಯ ಹೊಗೆಯ ವಿಷಯಕ್ಕೆ ಜಗಳ ಹತ್ತಿ ಮಾತು ಬಿಟ್ಟು ಎಷ್ಟೋ ಕಾಲವಾಗಿತ್ತು ಅಂತ ಅಕ್ಕ ಹೇಳಿದ್ದಳು. ಅವಳ ಹೆಸರೆತ್ತಿದರೆ ಮುದುಕಿ ಉಗುಳುತ್ತಿದ್ದಳು. ಆದರೆ ಅಷ್ಟು ಎತ್ತರದ ಕಟ್ಟಡದಲ್ಲಿ, ಆ ಗಳಿಗೆಗೆ ಕೈಗೆಟುಕುವ ಜೀವ ಅದೊಂದೇ.

"ಹೊಯ್ ಮೂನ್! ಗ್ಯೂ ಚಾನ್ ತಾಯ್!" ಬಾಗಿಲು ತೆಗಿ, ಚಾನ್ ತಾಯ್ ಅವರನ್ನು ಕರಿ.

"ನಾಯ್ ನಾಯ್..." ಮುದುಕಿ ಬೇಡುವ ಹಾಗೆ ಏನೋ ಅಂದಳು. ಅದು ಬೇಡ ಅತ್ತಿ, ಬೇರೆ ಏನಾದರೂ ಹೇಳಿರಿ ಅನ್ನುವಂತಿತ್ತು.

ಬಾತ್‌ರೂಮಿನ ನೀರು ಇನ್ನೂ ಹರಿಯುತ್ತಲೇ ಇತ್ತು. ದಾನೇಶ್ವರಿ ತನ್ನೊಳಗಿದ್ದ ಭಯವನ್ನೆಲ್ಲ ಒಟ್ಟುಗೂಡಿಸಿ, ಅಕ್ಕನಿಗೆ ದಿನವೂ ಬೀಳುತ್ತಿದ್ದ ಕೊನೆಯ ಬೈಗುಳವನ್ನೂ ಎಸೆದಳು. "ಚುಂಗ್ ಕೇ ಹೈ ದೋ? ಸೇ ಜೋ ಆ?" ಇನ್ನೂ ನಿಂತಿದ್ದೀಯಾ? ಸತ್ತೆಯೇನು?

ಕಟಕಟ, ಕಟಕಟ. ವಾಕರ್ ದೂರ ಹೋಯಿತು. ಹುಲಗೆಮ್ಮ ಫೋನಿನ ಮೇಲೆ ಬಗ್ಗಿದ್ದಳು, ಕೈಗೆ ಹತ್ತಿದ ಹಿಟ್ಟು ಒಣಗಿ ಬಿರಿಯುತ್ತಿತ್ತು. ಒಲೆಯ ಮೇಲೆ ರೊಟ್ಟಿ ಸೀದ ವಾಸನೆ ಬಂದರೂ ಇಬ್ಬರೂ ಅಲುಗಲಿಲ್ಲ. ಚಿಲಕ ಸರಿದ ಸದ್ದು. ಆಮೇಲೆ ಕಬ್ಬಿಣದ ಗೇಟು ಕಿರ್ರೆಂದು ಎಳೆದ ಸದ್ದು, ಮುದುಕಿಯ ಒಡಕು ಕೂಗು. "ಚಾನ್ ತಾಯ್! ಚಾನ್ ತಾಯ್!"

ಉತ್ತರವಿಲ್ಲ.

"ಮತ್ತ ಕರೀ ಅನ್ನು" ಅಂದಳು ಹುಲಗೆಮ್ಮ.

ಅನ್ನುವುದು ಬೇಕಾಗಲಿಲ್ಲ. ಮುದುಕಿ ತಾನಾಗಿಯೇ ಕೂಗಿದಳು, ಕೂಗುತ್ತಲೇ ಇದ್ದಳು. ಕೂಗಿ ಕೂಗಿ ದನಿ ಬಿರಿಯಿತು. ಆಗ ಎಲ್ಲೋ ಒಂದು ಕದ ಧಡಾರನೆ ತೆರೆಯಿತು, ಇನ್ನೊಂದು ಹೆಂಗಸಿನ ದನಿ ಸಿಟ್ಟಿನಿಂದ ಏರಿ ಬಂತು, ಬಾತ್‌ರೂಮಿನ ಹತ್ತಿರ ಬಂದು ತಟ್ಟನೆ ನಿಂತಿತು. ನೀರು ಬಂದ್ ಆಯಿತು. ಚಾನ್ ತಾಯ್ ಫೋನಿನಲ್ಲಿ ಯಾರಿಗೋ ಅವಸರ ಅವಸರವಾಗಿ ಹೇಳುತ್ತಿದ್ದಳು. ಅದರಲ್ಲಿ ದಾನೇಶ್ವರಿಗೆ ತಿಳಿದದ್ದು 'ಫಾಯ್ ದೀ' ಅನ್ನುವುದೊಂದೇ. ಸಾಕಾಗಿತ್ತು.

ಎಷ್ಟು ಹೊತ್ತಾಯಿತೋ. ಗಂಡಸರ ಬೂಟಿನ ಸದ್ದು ಬಂತು. ಏನೋ ಬಿಚ್ಚಿದರು, ಏನೋ ಕಟ್ಟಿದರು. ಆ ಗದ್ದಲದ ನಡುವೆ ಒಂದು ನರಳಿಕೆ. ಹುಲಗೆಮ್ಮ ಎದೆ ಹಿಡಿದುಕೊಂಡಳು.

"ಅಕ್ಕಾ!" ದಾನೇಶ್ವರಿ ಕಿರುಚಿದಳು. "ಅಕ್ಕಾ, ನಾ ದಾನಿ! ಕೇಳಸ್ತೈತೇನ?"

ಹಲಗೆಯ ಹತ್ತಿರದಿಂದಲೇ ಸ್ಟ್ರೆಚರ್ ಹಾದುಹೋಗುತ್ತಿತ್ತು ಕಾಣುತ್ತದೆ. ಸುನಿತಾಳ ದನಿ ನೀರಿನೊಳಗಿಂದ ಬಂದ ಹಾಗೆ ತೊದಲುತ್ತ ಬಂತು.

"ಮೈಕ್... ಬಂದ್ ಮಾಡ ಬೇ. ಅಕಿ ಕೇಳಿಸ್ಕೋತಾಳ..."

ಹುಲಗೆಮ್ಮ ಗೊಳೋ ಅಂತ ಅತ್ತುಬಿಟ್ಟಳು. ಜ್ವರದಲ್ಲಿ ಎಚ್ಚರ ತಪ್ಪಿ ಬಿದ್ದವಳಿಗೆ ಇನ್ನೂ ಕೆಲಸದ್ದೇ ಅಂಜಿಕೆ! ಆದರೆ ಅವಳು ಮಾತಾಡಿದ್ದಳು, ಉಳಿದಿದ್ದಳು, ಇವರನ್ನು ಗುರುತು ಹಿಡಿದಿದ್ದಳು. ತಾಯಿ ಮಗಳು ಒಬ್ಬರ ಕೈ ಒಬ್ಬರು ಹಿಡಿದುಕೊಂಡು, ಬೂಟಿನ ಸದ್ದು, ಚಾನ್ ತಾಯ್‌ಳ ಚಪ್ಪಲಿಯ ಸದ್ದು ಲಿಫ್ಟಿನ ಕಡೆ ಹೋಗಿ ಅಳಿಯುವ ತನಕ ಕೇಳಿಸಿಕೊಂಡರು.

ಆ ಮನೆ ನಿಶ್ಶಬ್ದವಾಯಿತು. ಇನ್ನು ಫೋನು ಇಡಬಹುದು ಅಂದುಕೊಳ್ಳುವಷ್ಟರಲ್ಲಿ ಕಟಕಟ ಸದ್ದು ಬಂತು. ಬಲು ಮೆಲ್ಲಗೆ, ನಡುನಡುವೆ ನಿಲ್ಲುತ್ತ, ಹಲಗೆಯ ತನಕ ಬಂತು.

"ನಾಯ್ ನಾಯ್" ಅಂದಳು ಮುದುಕಿ. ಆಮೇಲೆ ಒಂದು ಪ್ರಶ್ನೆ ಕೇಳಿದಳು. ದಾನೇಶ್ವರಿ ಎಂದೂ ಕೇಳಿರದ ಮಾತುಗಳು. ಅಳುಕುತ್ತ ಅದನ್ನೇ ಇನ್ನೊಮ್ಮೆ ಕೇಳಿದಳು. ವಾಕರಿನ ಕಾಲುಗಳು ನೆಲದ ಮೇಲೆ ನಡುಗಿ ಟಕಟಕ ಅನ್ನುತ್ತಿದ್ದವು. ಉಸಿರು ಸೀಟಿ ಹೊಡೆದ ಹಾಗೆ ಬರುತ್ತಿತ್ತು.

"ಏನ ಕೇಳ್ತಾಳ?" ಹುಲಗೆಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಗೊತ್ತಾಗವಲ್ತವ್ವ."

"ಆಗಿಂದ ಹಂಗ ನಿಂತಾಳಲ್ಲ ಪಾಪ, ಕಾಲು ನಡಗಾಕ ಹತ್ಯಾವು. ಕುಂದ್ರು ಅಂತ ಹೇಳು."

ದಾನೇಶ್ವರಿ ಬಾಯಿ ತೆರೆದಳು. ಬಾ, ಹೋಗು, ತಾ, ತೊಳಿ, ತಿಕ್ಕು, ಎತ್ತು, ಏಳು, ಓಡು. ಎಲ್ಲ ನಾಲಿಗೆಯ ತುದಿಗೆ ಬಂದು ನಿಂತವು. ಕುಂದ್ರು ಅನ್ನುವುದಕ್ಕೆ ಮಾತು ಹುಡುಕಿದಳು, ಸಿಗಲಿಲ್ಲ. ಇಷ್ಟು ತಿಂಗಳು ಬೆಳಗಿನಿಂದ ಸಂಜೆಯ ತನಕ ಕೇಳಿದ್ದಳು. ಆ ಮನೆಯಲ್ಲಿ ಆ ಮಾತನ್ನು ಅಕ್ಕನಿಗೆ ಯಾರೂ ಒಮ್ಮೆಯೂ ಹೇಳಿರಲಿಲ್ಲ.

"ನನಗ ಅದು ಬರಂಗಿಲ್ಲವ್ವ" ಅಂದಳು. ಅಂದವಳಿಗೆ ಅಳು ಉಕ್ಕಿ ಬಂತು.

ಹುಲಗೆಮ್ಮ ಮಗಳ ಮುಖವನ್ನೇ ನೋಡಿದಳು. ನೋಡಿ, ಅರ್ಥ ಮಾಡಿಕೊಂಡಳು. ಹಿರಿಮಗಳನ್ನು ಒಂದು ದಿನವೂ ಕೂರಗೊಡದೆ ಅಲ್ಲಿ ನಿಲ್ಲಿಸಿ ಇಟ್ಟವಳು ಈ ಮುದುಕಿಯೇ. ಫೋನು ಕತ್ತರಿಸು ಅಂತ ಅವಳು ಹೇಳಿದ್ದರೂ ತಪ್ಪಿರಲಿಲ್ಲ.

ಫೋನನ್ನು ಮಗಳ ಕೈಯಿಂದ ತೆಗೆದುಕೊಂಡು ಬಾಯಿಯ ಹತ್ತಿರ ಹಿಡಿದಳು.

"ಕುಂದ್ರವ್ವ" ಅಂದಳು. "ಸಾಕು ನಿಂತಿದ್ದು. ಕುಂದ್ರು."

ಆ ಕಡೆ ನೆಲದ ಮೇಲೆ ಕುರ್ಚಿ ಎಳೆದುಕೊಂಡ ಸದ್ದು ಕೇಳಿಸಿತು.